ಬಟ್ಟೆ ಡೈಪರ್ ಸೋರುತ್ತಿದೆಯೇ?

ಡೊಂಬಿವಲಿ, ಠಾಣೆ ಕಡೆಯ ನಮ್ಮ ತಾಯಂದಿರೇ, ಸೋರಿದ ತಕ್ಷಣ ಡೈಪರ್ ಒಳಗೆ ಒದ್ದೆ ಹೀರುವ ಇನ್ನೊಂದು ಪ್ಯಾಡ್ ತುರುಕಬೇಡಿ. ದಪ್ಪವಾದಷ್ಟೂ ತೊಡೆಯ ಬಳಿ ಸಂದು ಬಿಡುತ್ತದೆ. ಎಲಾಸ್ಟಿಕ್ ತೊಡೆಯ ಮೇಲಲ್ಲ, ಚಡ್ಡಿಯ ಅಂಚಿನಂತೆ ತೊಡೆಸಂದಿಯಲ್ಲೇ ಕೂರಬೇಕು. ಸುತ್ತ ಬೆರಳಾಡಿಸಿ, ಪ್ಯಾಡಿನ ಅಂಚು ಚೂರು ಇಣುಕಿದರೂ ಒದ್ದೆಯೆಲ್ಲ ಅಂಗಿಗೆ ಹತ್ತುತ್ತದೆ. ಸೊಂಟದಲ್ಲಿ 2 ಬೆರಳು ಹಿಡಿಸಿದರೆ ಸರಿ. ಗಂಡುಮಗುವಿಗೆ ಪ್ಯಾಡಿನ ಮಡಿಕೆ ಮುಂದಕ್ಕಿರಲಿ, ಮೂತ್ರದ ಅಂಗ ಕೆಳಮುಖವಾಗಿರಲಿ.

ಹೊಸ ಹತ್ತಿ ಪ್ಯಾಡನ್ನು 5-6 ಸಲ ಒಗೆದು ಒಣಗಿಸಿಯೇ ಹಾಕಿ, ಅದರ ಎಣ್ಣೆಯಂಶ ಹೋಗುವ ತನಕ ಸರಿಯಾಗಿ ಹೀರದು. ಫ್ಯಾಬ್ರಿಕ್ ಕಂಡೀಷನರ್ ಬೇಡವೇ ಬೇಡ, ಅದೂ ನೀರನ್ನು ತಡೆಯುತ್ತದೆ. ಮುಂಬೈ ಮಳೆಗಾಲದಲ್ಲಿ ದಪ್ಪ ಪ್ಯಾಡ್ ಒಣಗುವುದೇ ಇಲ್ಲ. ಮಡಚುವ ತೆಳು ಹತ್ತಿ ಬಟ್ಟೆಯೇ ವಾಸಿ, ಬಿಚ್ಚಿ ಫ್ಯಾನಿನಡಿ ಹರವಬಹುದು. ಹಗಲಲ್ಲಿ 2-3 ಗಂಟೆಗೊಮ್ಮೆ ಬದಲಿಸಿ.