ಹತ್ತು ನಿಮಿಷ, ಒಂದೇ ಫ್ರೇಮು

ಚಿತ್ರ ನಿರ್ದೇಶಕ ಜೇಮ್ಸ್ ಬೆನ್ನಿಂಗ್ 2004ರಲ್ಲಿ ಮಾಡಿದ ‘13 ಲೇಕ್ಸ್’ ಚಿತ್ರದಲ್ಲಿರುವುದು ಹದಿಮೂರೇ ಶಾಟ್. ಅಮೆರಿಕದ ಹದಿಮೂರು ಸರೋವರಗಳು, ಒಂದೊಂದಕ್ಕೆ ಹತ್ತು ನಿಮಿಷ. ಕ್ಯಾಮೆರಾ ಕದಲುವುದಿಲ್ಲ, ವಿವರಣೆಯ ದನಿ ಇಲ್ಲ, ಸಂಗೀತವೂ ಇಲ್ಲ. ಫ್ರೇಮಿನ ಅರ್ಧ ನೀರು, ಅರ್ಧ ಆಕಾಶ. ಎರಡು ನಿಮಿಷ ಕಳೆಯುವ ಹೊತ್ತಿಗೆ ‘ಇನ್ನೇನಿದೆ ನೋಡಲು’ ಅನಿಸುತ್ತದೆ. ಐದನೆಯ ನಿಮಿಷಕ್ಕೆ ನೀರಿನ ಮೇಲೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂಬುದೇ ದೊಡ್ಡ ಸಂಗತಿಯಾಗುತ್ತದೆ.

ಈ ಹತ್ತು ನಿಮಿಷದ ಅಳತೆ ಬಂದದ್ದು ರೀಲಿನಿಂದ. 16 ಎಂಎಂ ಫಿಲಂನಲ್ಲಿ ಅಡಿಗೆ 40 ಫ್ರೇಮು, ಅಂದರೆ 40 ಬಿಡಿ ಚಿತ್ರ. 400 ಅಡಿಯ ರೀಲಿಗೆ 16,000 ಫ್ರೇಮು, ಸೆಕೆಂಡಿಗೆ 24ರಂತೆ ಓಡಿಸಿದರೆ 11 ನಿಮಿಷ. ಎರಡು ತುದಿಯಲ್ಲಿ ಬೆಳಕು ತಗುಲಿ ಕೆಡುವ ಭಾಗವನ್ನು ಕಳೆದರೆ ಕೈಯಲ್ಲುಳಿಯುವುದು ಹತ್ತು ಚಿಲ್ಲರೆ. ಸಿನಿಮಾದ ಮೊದಲ ದಿನಗಳ, 1895ರ ಲೂಮಿಯೇರ್ ಸಹೋದರರ ಚಿತ್ರಗಳು ಸುಮಾರು 50 ಸೆಕೆಂಡಿಗೆ ಮುಗಿಯುತ್ತಿದ್ದುದಕ್ಕೂ ಇದೇ ಕಾರಣ, ಫಿಲಂ ಇದ್ದದ್ದೇ 17 ಮೀಟರ್. ಡಿಜಿಟಲ್ ಬಂದ ಮೇಲೆ ಈ ಕಟ್ಟು ಹೋಯಿತು. ಬೆನ್ನಿಂಗ್ ಅವರೇ 2011ರ ‘ನೈಟ್‌ಫಾಲ್’ನಲ್ಲಿ ಕಾಡಿನ ಮೇಲೆ ಕತ್ತಲು ಇಳಿಯುವುದನ್ನು 98 ನಿಮಿಷದ ಒಂದೇ ಶಾಟ್‌ನಲ್ಲಿ ಹಿಡಿದರು. ಈಗ ಎಷ್ಟು ಹೊತ್ತು ಎಂದು ನಾವೇ ತೀರ್ಮಾನಿಸಬೇಕು, ಅದೂ ಬಟನ್ ಒತ್ತುವ ಮೊದಲು.

ಇಂಥ ಶಾಟ್‌ನಲ್ಲಿ ನಿಸರ್ಗ ಬದಲಾಗಬೇಕು, ಕ್ಯಾಮೆರಾ ಬದಲಾಗಕೂಡದು. ಹಾಗಾಗಿ ‘ಆಟೋ’ ಎಂದಿರುವುದನ್ನೆಲ್ಲ ಆಫ್ ಮಾಡಿ. ಮುಸ್ಸಂಜೆಯ ಶಾಟ್ ತೆಗೆದುಕೊಳ್ಳಿ. ಕರ್ನಾಟಕದ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಮೇಲೆ ಇಪ್ಪತ್ತೆರಡು ಇಪ್ಪತ್ಮೂರು ನಿಮಿಷದೊಳಗೆ ಬೆಳಕು ಆರೇಳು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಇಳಿದುಬಿಡುತ್ತದೆ. ಎಕ್ಸ್‌ಪೋಷರ್ (ಚಿತ್ರಕ್ಕೆ ದಕ್ಕುವ ಬೆಳಕಿನ ಪ್ರಮಾಣ) ಆಟೋದಲ್ಲಿದ್ದರೆ ಕ್ಯಾಮೆರಾ ಐಎಸ್‌ಒ (ಬೆಳಕಿಗೆ ಅದರ ಸೂಕ್ಷ್ಮತೆ) ಏರಿಸುತ್ತಲೇ ಹೋಗುತ್ತದೆ. ಹೊರಗೆ ಕತ್ತಲಾದರೂ ಚಿತ್ರದಲ್ಲಿ ಕತ್ತಲಾಗುವುದೇ ಇಲ್ಲ, ಕಾಳು ಕಾಳಾದ ನಾಯ್ಸ್ ಮಾತ್ರ ಉಳಿಯುತ್ತದೆ. ಬಣ್ಣದ ಛಾಯೆಯನ್ನು ತಾನೇ ಸರಿಪಡಿಸುವ ಆಟೋ ವೈಟ್ ಬ್ಯಾಲೆನ್ಸ್ ಸಂಜೆಯ ನೀಲಿಯನ್ನೇ ತಿದ್ದಿ ಬೂದಿ ಮಾಡುತ್ತದೆ. ಅದನ್ನು ಹಗಲಿನ ಬೆಳಕಿನ ಅಳತೆಯಾದ 5600 ಕೆಲ್ವಿನ್‌ಗೆ ಕಟ್ಟಿಹಾಕಿ. ಶುರುವಿನಲ್ಲಿ ಆಕಾಶ ಸುಟ್ಟುಹೋಗದಷ್ಟು, ಆದರೆ ಸಾಕಷ್ಟು ಬೆಳಕಾಗಿಯೇ ಎಕ್ಸ್‌ಪೋಷರ್ ಇಟ್ಟು ಆಮೇಲೆ ಮುಟ್ಟಬೇಡಿ. ಸೆಕೆಂಡಿಗೆ 25 ಫ್ರೇಮಾದರೆ ಶಟರ್ 1/50 ಸೆಕೆಂಡು. ಹಗಲಾದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ. ಫೋಕಸನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿ ಹಿಡಿದು, ರಿಂಗಿಗೆ ಟೇಪ್ ಅಂಟಿಸಿ. ಟ್ರೈಪಾಡ್ ಮೇಲಿದ್ದಾಗ ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಬೇಡ. ಕೆಲವು ಕ್ಯಾಮೆರಾಗಳಲ್ಲಿ ಅದು ಇಲ್ಲದ ಅಲುಗಾಟವನ್ನು ಹುಡುಕಿಕೊಂಡು ಫ್ರೇಮನ್ನೇ ಮೆಲ್ಲಗೆ ಜಾರಿಸುತ್ತದೆ.

ನೀರಿನ ದಡದಲ್ಲಿ ಹೆಚ್ಚು ಜನ ಸೋಲುವುದು ಟ್ರೈಪಾಡ್ ವಿಷಯದಲ್ಲಿ. ಹಸಿ ಮಣ್ಣಿನಲ್ಲಿ ಒಂದು ಕಾಲು ನಿಧಾನಕ್ಕೆ ಹೂತುಕೊಳ್ಳುತ್ತದೆ. ನಿಂತು ನೋಡುವಾಗ ಗೊತ್ತಾಗುವುದಿಲ್ಲ, ಆದರೆ ಮೊದಲ ಫ್ರೇಮನ್ನೂ ಕೊನೆಯ ಫ್ರೇಮನ್ನೂ ಅಕ್ಕಪಕ್ಕ ಇಟ್ಟರೆ ನೀರಿನ ಅಂಚು ವಾಲಿರುತ್ತದೆ. ಪ್ರತಿ ಕಾಲಿನ ಕೆಳಗೆ ಅಂಗೈ ಅಗಲದ ಚಪ್ಪಟೆ ಕಲ್ಲೋ ಪ್ಲೈವುಡ್ ತುಂಡೋ ಇಟ್ಟು, ಮೇಲಿನಿಂದ ಭಾರ ಹಾಕಿ ಒತ್ತಿ, ಐದು ನಿಮಿಷ ಬಿಟ್ಟು ರಸಮಟ್ಟದ ಗುಳ್ಳೆ ನೋಡಿ. ನಡುಗಂಬ ಎತ್ತಬೇಡಿ. ಭಾರಕ್ಕೆಂದು ಚೀಲ ನೇತುಹಾಕಿದರೆ ಅದು ನೆಲ ಮುಟ್ಟಿರಲಿ, ಇಲ್ಲದಿದ್ದರೆ ಗಾಳಿಗೆ ತೂಗಾಡಿ ಅದೇ ಕ್ಯಾಮೆರಾವನ್ನು ಅಲುಗಿಸುತ್ತದೆ. ಪಟಪಟ ಬಡಿಯುವ ಸ್ಟ್ರ್ಯಾಪ್ ಬಿಚ್ಚಿಡಿ. ರೆಕಾರ್ಡಿಂಗ್ ಶುರುವಾದ ಮೇಲೆ ನಾಲ್ಕು ಹೆಜ್ಜೆ ದೂರ ಹೋಗಿ ಸುಮ್ಮನೆ ನಿಲ್ಲಿ.

ಮೆಮೊರಿ ಕಾರ್ಡಿನ ಲೆಕ್ಕ ಸುಲಭ: ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 100 ಎಂಬಿಪಿಎಸ್‌ನಲ್ಲಿ ನಿಮಿಷಕ್ಕೆ 750 ಎಂಬಿ, ಹತ್ತು ನಿಮಿಷಕ್ಕೆ 7.5 ಜಿಬಿ. ಹಳೆಯ ಸ್ಟಿಲ್ ಕ್ಯಾಮೆರಾಗಳಲ್ಲಿ ಅನೇಕವು 29 ನಿಮಿಷ 59 ಸೆಕೆಂಡಿಗೆ ತಾವೇ ನಿಲ್ಲುತ್ತವೆ, ಮೊದಲೇ ಪರೀಕ್ಷಿಸಿಕೊಳ್ಳಿ.

ಶಬ್ದವನ್ನು ಕ್ಯಾಮೆರಾ ಮೈಕಿಗೆ ಬಿಡಬೇಡಿ. ಕದಲದ ಫ್ರೇಮಿನ ಹೊರಗೆ ಏನಿದೆ ಎಂದು ಹೇಳುವುದು ಶಬ್ದವೊಂದೇ: ಕಾಣದ ದೋಣಿಯ ಮೋಟಾರು, ಬೆನ್ನ ಹಿಂದಿನ ರಸ್ತೆ. ರೆಕಾರ್ಡರ್ ಬೇರೆಯದಿರಲಿ, ಮೈಕಿಗೆ ರೋಮದ ಕವಚ ಹಾಕಿ, 80 ಹರ್ಟ್ಸ್ ಕೆಳಗಿನ ತಗ್ಗು ದನಿಯನ್ನು ಕತ್ತರಿಸಿ. ಶುರುವಿನಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಇನ್ನೊಂದು. ಎರಡು ಯಂತ್ರಗಳ ಗಡಿಯಾರ ಎಷ್ಟು ಹಿಂದೆಮುಂದೆ ಆಗಿದೆ ಎಂದು ಅದರಿಂದ ತಿಳಿಯುತ್ತದೆ.

ಒಂದೇ ಟೇಕ್ ಆಗಲೇಬೇಕೆಂಬ ಹಟ ಬೇಕೇ? ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿ ಅವರ ‘ಫೈವ್’ ಚಿತ್ರದ ಕೊನೆಯಲ್ಲಿ ಕೊಳದೊಳಗಿನ ಚಂದ್ರಬಿಂಬ, ಕಪ್ಪೆಗಳ ವಟಗುಟ್ಟುವಿಕೆ, ಮಳೆ ಎಲ್ಲವೂ ಒಂದೇ ಶಾಟ್‌ನಂತೆ ಕಾಣುತ್ತದೆ. ನಿಜದಲ್ಲಿ ಅದು ಬೇರೆ ಬೇರೆ ರಾತ್ರಿಗಳ ಟೇಕ್‌ಗಳನ್ನು ಜೋಡಿಸಿದ್ದು, ಬೆಸುಗೆಯನ್ನು ಕತ್ತಲು ಮುಚ್ಚಿಕೊಂಡಿದೆ. ನನಗಂತೂ ಇದು ಮೋಸ ಅನಿಸುವುದಿಲ್ಲ. ಒಂದು ರಾತ್ರಿಯನ್ನು ಅಷ್ಟು ಸಹನೆಯಿಂದ ಕಟ್ಟುವುದಕ್ಕೂ ಅದೇ ಕಣ್ಣು ಬೇಕು. ಆದರೆ ಹಗಲಿನಲ್ಲಿ ಆ ದಾರಿ ಇಲ್ಲ. ಮೋಡದ ನೆರಳು ಒಂದಂಗುಲ ಹಾರಿದರೂ ಬೆಸುಗೆ ಕಣ್ಣಿಗೆ ಹೊಡೆಯುತ್ತದೆ.