ಫೋನ್ ಪಕ್ಕ ಕೂತ ಹುಡುಗ

‘ಎಮಿಲ್ ಅಂಡ್ ದ ಡಿಟೆಕ್ಟಿವ್ಸ್’ ಅನ್ನುವ ಜರ್ಮನ್ ಮಕ್ಕಳ ಕಥೆ ಕೇಳಿದವರಿಗೆಲ್ಲ ಗುಸ್ತಾವ್ ಇಷ್ಟವಾಗುತ್ತಾನೆ. ಜೇಬಿನಲ್ಲಿ ಕಾರಿನ ಹಾರ್ನ್ ಇಟ್ಟುಕೊಂಡು ಬರ್ಲಿನ್ ಬೀದಿಯಲ್ಲಿ ಓಡಾಡುವ ಹುಡುಗ ಅವನು. ಹಾರ್ನ್ ಊದಿದರೆ ಸಾಕು, ಸುತ್ತಮುತ್ತಲಿನ ಮಕ್ಕಳೆಲ್ಲ ಓಡಿ ಬರುತ್ತಿದ್ದರು. ನಮ್ಮ ಆರನೇ ಕ್ಲಾಸಿನ ಹುಡುಗರೆಲ್ಲ ಗುಸ್ತಾವ್ ಆಗಲು ಜಗಳವಾಡುತ್ತಿದ್ದರು. ನನಗೆ ಮಾತ್ರ ಆ ಕಥೆಯಲ್ಲಿ ತುಂಬ ಹತ್ತಿರವಾದವನು ಫೋನ್ ಪಕ್ಕ ಕೂತ ಪುಟ್ಟ ಹುಡುಗ. ಜರ್ಮನ್‌ನಲ್ಲಿ ಅವನ ಹೆಸರು ದೀನ್‌ಸ್ಟಾಗ್, ಅಂದರೆ ಮಂಗಳವಾರ. ನಮ್ಮ ಟೀಚರ್ ಹಾಗೇ ಕರೆಯುತ್ತಿದ್ದರು, ‘ಪುಟ್ಟ ಮಂಗಳವಾರ’ ಅಂತ.

ನಮ್ಮ ಶಾಲೆಯ ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಒಂದು ಬೀರು. ಅದರ ಕೆಳಗಿನ ಖಾನೆಯಲ್ಲಿ ಯಾರೋ ದಾನ ಕೊಟ್ಟ ಇಂಗ್ಲಿಷ್ ಪುಸ್ತಕಗಳಿದ್ದವು. ಕನ್ನಡ ಮೀಡಿಯಂನ ನಮಗೆ ಅವುಗಳ ಚಿತ್ರ ನೋಡುವುದಷ್ಟೇ ಗೊತ್ತಿತ್ತು. ಶುಕ್ರವಾರದ ಕೊನೆಯ ಪೀರಿಯಡ್‌ನಲ್ಲಿ ಟೀಚರ್ ಒಂದು ಪುಸ್ತಕ ಕೈಯಲ್ಲಿ ಹಿಡಿದು, ಪುಟ ತಿರುಗಿಸುತ್ತಾ, ಕಥೆಯನ್ನು ನಮ್ಮ ಭಾಷೆಯಲ್ಲಿ ಹೇಳುತ್ತಿದ್ದರು. ಸರಿಯಾಗಿ ಬೆಲ್ ಹೊಡೆಯುವ ಹೊತ್ತಿಗೆ ಕಥೆಯ ಕಳ್ಳ ಬೀದಿಯ ತಿರುವಿನಲ್ಲಿ ಮಾಯವಾಗುತ್ತಿದ್ದ. ಮುಂದಿನ ಶುಕ್ರವಾರದ ತನಕ ನಮಗೆ ನಿದ್ದೆ ಬರುತ್ತಿರಲಿಲ್ಲ.

ಎಮಿಲ್ ಕಥೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಎರಿಖ್ ಕೆಸ್ಟ್ನರ್ ಅದನ್ನು ಬರೆದದ್ದು 1929ರಲ್ಲಿ, ಜರ್ಮನಿಯಲ್ಲಿ. ಎಮಿಲ್‌ಗೆ ಅಪ್ಪ ಇಲ್ಲ. ಅಮ್ಮ ಊರಿನ ಹೆಂಗಸರ ತಲೆಗೂದಲು ತೊಳೆದು ಬಾಚುವ ಕೆಲಸ ಮಾಡಿ ದುಡಿಯುತ್ತಾಳೆ. ಅಜ್ಜಿಗೆ ಕೊಡು ಅಂತ 120 ಮಾರ್ಕ್, ಅವನ ಖರ್ಚಿಗೆ 20 ಮಾರ್ಕ್, ಒಟ್ಟು 140 ಮಾರ್ಕ್ (ಆಗಿನ ಜರ್ಮನಿಯ ಹಣ) ಕೊಟ್ಟು ಅವನನ್ನು ಬರ್ಲಿನ್ ರೈಲು ಹತ್ತಿಸುತ್ತಾಳೆ. ಎಮಿಲ್ ಆ ನೋಟುಗಳನ್ನು ಕೋಟಿನ ಒಳಜೇಬಿಗೆ ಪಿನ್ ಹಾಕಿ ಸಿಕ್ಕಿಸಿಕೊಳ್ಳುತ್ತಾನೆ. ಆದರೂ ಕಣ್ಣು ಮುಚ್ಚಿದಾಗ ಎದುರು ಕೂತಿದ್ದ ಟೋಪಿಯವನು ಕದ್ದುಬಿಡುತ್ತಾನೆ. ಪೊಲೀಸರ ಹತ್ತಿರ ಹೋಗಲು ಎಮಿಲ್‌ಗೆ ಧೈರ್ಯವಿಲ್ಲ. ಊರಿನಲ್ಲಿದ್ದ ದೊರೆಯ ಪ್ರತಿಮೆಯ ಮೂಗಿಗೆ ಕೆಂಪು ಬಣ್ಣ ಬಳಿದಿದ್ದ ಭಯ ಅವನಿಗೆ. ಆಗ ಸಿಗುವವನೇ ಗುಸ್ತಾವ್. ಆಮೇಲೆ ಬರ್ಲಿನ್ ಮಕ್ಕಳ ಸೈನ್ಯ ಸೇರುತ್ತದೆ.

ನಮಗೆ ಬೆರಗಾಗಿದ್ದು ಅವರು ಕೆಲಸ ಹಂಚಿಕೊಂಡ ರೀತಿ. ಮೊದಲು ಎಲ್ಲರ ಜೇಬಿನ ಚಿಲ್ಲರೆ ಸೇರಿಸುತ್ತಾರೆ. ಕೆಲವರು ಕಳ್ಳನ ಮೇಲೆ ಕಣ್ಣಿಡುತ್ತಾರೆ, ಕೆಲವರು ಸುದ್ದಿ ಮುಟ್ಟಿಸುತ್ತಾರೆ. ಪುಟ್ಟ ಮಂಗಳವಾರನ ಮನೆಯಲ್ಲಿ ಫೋನ್ ಇದೆ. ಹಾಗಾಗಿ ಅವನು ಮನೆಯಲ್ಲೇ ಕೂರಬೇಕು. ಯಾರು ಎಲ್ಲಿದ್ದಾರೆ, ಏನಾಯಿತು ಅಂತ ಎಲ್ಲರೂ ಅವನಿಗೇ ಫೋನ್ ಮಾಡಬೇಕು. ಉಳಿದವರು ಟ್ಯಾಕ್ಸಿಯಲ್ಲಿ ಕಳ್ಳನ ಹಿಂದೆ ಬಿದ್ದರೆ ಇವನು ರಿಸೀವರ್ ಪಕ್ಕ ಕುರ್ಚಿಯಲ್ಲಿ. ಕೊನೆಗೆ ಬ್ಯಾಂಕಿನಲ್ಲಿ ನೋಟಿನ ಮೇಲಿದ್ದ ಪಿನ್ನಿನ ತೂತು ತೋರಿಸಿ, ದುಡ್ಡು ತನ್ನದೇ ಅಂತ ಎಮಿಲ್ ಸಾಬೀತು ಮಾಡುತ್ತಾನೆ. ಎಷ್ಟು ಚೆಂದದ ಸಾಕ್ಷಿ ಅಲ್ವಾ? ಮತ್ತೆ ಎಲ್ಲರೂ ಸೇರಿ ಸಂಭ್ರಮ ಪಡುವಾಗ ಎಮಿಲ್‌ನ ಅಜ್ಜಿ ಎದ್ದು, ಫೋನ್ ಬಿಟ್ಟು ಅಲ್ಲಾಡದೆ ಕೂತ ಈ ಹುಡುಗನನ್ನು ಹೊಗಳುತ್ತಾಳೆ. ಅವನಿಗೂ ಓಡಬೇಕು ಅಂತ ಆಸೆ ಇತ್ತು, ಆದರೂ ಒಪ್ಪಿಕೊಂಡ ಕೆಲಸ ಬಿಡಲಿಲ್ಲ ಅಂತ. ಟೀಚರ್ ಅದನ್ನು ಹೇಳಿದಾಗ ನನ್ನ ಕಣ್ಣು ತುಂಬಿತ್ತು. ಆಟದಲ್ಲಿ ನನ್ನನ್ನು ಯಾವಾಗಲೂ ಕೊನೆಗೆ ಆರಿಸುತ್ತಿದ್ದರು.

ಟೀಚರ್ ಹೇಳಿದ ಇನ್ನೊಂದು ಕಥೆ ಇಂಗ್ಲೆಂಡಿನ ಲೇಖಕಿ ಎನಿಡ್ ಬ್ಲೈಟನ್ ಅವರ ‘ಫೈವ್ ಫೈಂಡ್-ಔಟರ್ಸ್’ ಸರಣಿಯದು. ಪೀಟರ್ಸ್‌ವುಡ್ ಅನ್ನುವ ಇಂಗ್ಲೆಂಡಿನ ಹಳ್ಳಿಯಲ್ಲಿ ಪತ್ತೇದಾರಿ ಮಾಡುವ ಐದು ಮಕ್ಕಳು, ಜೊತೆಗೆ ಬಸ್ಟರ್ ಅನ್ನುವ ನಾಯಿ. 1943ರಿಂದ 1961ರವರೆಗೆ ಆ ಐವರ ಕಥೆ ಒಟ್ಟು 15 ಪುಸ್ತಕ ಬಂದಿವೆ. ಬ್ಲೈಟನ್ ಅಂದರೆ ಹೆಚ್ಚಿನವರು ಅವರದೇ ಇನ್ನೊಂದು ಸರಣಿ ‘ಫೇಮಸ್ ಫೈವ್’ ನೆನೆಯುತ್ತಾರೆ. ನನಗೆ ಅದಕ್ಕಿಂತ ಇದೇ ಇಷ್ಟ. ಫೇಮಸ್ ಫೈವ್‌ನಲ್ಲಿ ಆ್ಯನ್ ಅನ್ನುವ ಹುಡುಗಿಗೆ ಹೋದಲ್ಲೆಲ್ಲ ಅಡುಗೆ, ಹಾಸಿಗೆ, ಪಾತ್ರೆ ತೊಳೆಯುವುದೇ ಕೆಲಸ. ಅದು ನನಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಹಿಡಿಸುವುದಿಲ್ಲ. ಪೀಟರ್ಸ್‌ವುಡ್‌ನ ಬೆಟ್ಸ್ ಹಾಗಲ್ಲ. ಎಂಟು ವರ್ಷದ ಹುಡುಗಿ, ಎಲ್ಲರಿಗಿಂತ ಚಿಕ್ಕವಳು. ನಿನಗೇನು ಗೊತ್ತು ಸುಮ್ನಿರು ಅಂತ ಅಣ್ಣ ಗದರುತ್ತಾನೆ. ಮೊದಲ ಪುಸ್ತಕದಲ್ಲಿ ಒಂದು ಮನೆಗೆ ಬೆಂಕಿ ಬೀಳುತ್ತದೆ. ಮಕ್ಕಳು ಒಬ್ಬೊಬ್ಬರನ್ನೇ ಅನುಮಾನಿಸುತ್ತಾ ಹೋಗುತ್ತಾರೆ. ಆ ದಿನ ತಾನು ಲಂಡನ್‌ನಲ್ಲಿದ್ದೆ ಅನ್ನುವ ಮನೆಯ ಯಜಮಾನ, ಅದೇ ದಿನ ಹಳ್ಳಿಯ ಮೇಲೆ ಹಾರಿದ ವಿಮಾನಗಳನ್ನು ನೋಡಿದೆ ಅಂತ ಬಾಯಿತಪ್ಪಿ ಹೇಳಿರುತ್ತಾನೆ. ಲಂಡನ್‌ನಲ್ಲಿದ್ದವನಿಗೆ ಅದು ಹೇಗೆ ಕಂಡಿತು? ಆ ಪ್ರಶ್ನೆ ಹೊಳೆಯುವುದು ಬೆಟ್ಸ್‌ಗೆ.

ಈ ಸರಣಿಯಿಂದ ನಮ್ಮ ಕ್ಲಾಸಿಗೆ ಹರಡಿದ ಹುಚ್ಚು ಅಂದರೆ ಕಾಣದ ಶಾಯಿ. ಪುಸ್ತಕದ ಮಕ್ಕಳಿಗೆ ಕಿತ್ತಳೆ ರಸ, ನಮಗೆ ನಿಂಬೆ ರಸ. ಪೊರಕೆಯಿಂದ ಒಂದು ಕಡ್ಡಿ ಮುರಿದು, ರಸದಲ್ಲಿ ಅದ್ದಿ ನೋಟ್‌ಬುಕ್ ಹಾಳೆಯ ಮೇಲೆ ಬರೆಯಬೇಕು. ಒಣಗಿದ ಮೇಲೆ ಏನೂ ಕಾಣುವುದಿಲ್ಲ. ಗೆಳತಿಯ ಅಪ್ಪನ ಇಸ್ತ್ರಿ ಅಂಗಡಿಗೆ ಓಡಿ ಹೋಗಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ಒಂದು ಸಲ ಉಜ್ಜಿಸಿಕೊಳ್ಳುತ್ತಿದ್ದೆವು. ಕಂದು ಬಣ್ಣದಲ್ಲಿ ಅಕ್ಷರ ನಿಧಾನಕ್ಕೆ ಮೇಲೇಳುತ್ತಿತ್ತು. ವಿಜ್ಞಾನದ ಮೇಷ್ಟ್ರಿಗೆ ಗೊತ್ತಾದಾಗ ಬೈಯಲಿಲ್ಲ. ರಸ ತಾಗಿದ ಜಾಗ ಕಾಗದದ ಉಳಿದ ಭಾಗಕ್ಕಿಂತ ಬೇಗ ಸುಡುತ್ತದೆ, ಅದಕ್ಕೇ ಅಕ್ಷರ ಮೊದಲು ಕಾಣುತ್ತದೆ ಅಂತ ಬೋರ್ಡಿನ ಮೇಲೆ ಬರೆದು ತಿಳಿಸಿದರು.

ನಮಗೂ ಒಂದು ನಿಜವಾದ ಪತ್ತೇದಾರಿ ಕೆಲಸ ಸಿಕ್ಕಿತು. ಶಾಲೆಯ ಹಿಂದೆ ಊಟದ ಡಬ್ಬಿ ತೊಳೆಯಲು ಸಿಮೆಂಟಿನ ನೀರಿನ ತೊಟ್ಟಿ ಇತ್ತು, ನಮ್ಮ ಜೊತೆ ಓದಿದವರಿಗೆ ನೆನಪಿರುತ್ತದೆ. ಶನಿವಾರ ಮಧ್ಯಾಹ್ನ ತುಂಬಿಸಿ ಹೋದರೆ ಸೋಮವಾರ ಬೆಳಿಗ್ಗೆ ಅರ್ಧವೂ ಇರುತ್ತಿರಲಿಲ್ಲ. ಬೇಸಿಗೆ ಬೇರೆ. ಹಿಂದಿನ ಬೀದಿಯವರು ಕೊಡ ತಂದು ಹೊತ್ತೊಯ್ಯುತ್ತಾರೆ ಅಂತ ಎಲ್ಲರೂ ಮಾತಾಡತೊಡಗಿದರು. ಆ ಬೀದಿಯ ಮಕ್ಕಳೂ ನಮ್ಮ ಕ್ಲಾಸಿನಲ್ಲೇ ಓದುತ್ತಿದ್ದರು. ಅವರ ಮುಖ ನೋಡಲಾಗುತ್ತಿರಲಿಲ್ಲ.

ನಾವು ಒಂದಷ್ಟು ಜನ ಸೇರಿದೆವು. ಒಬ್ಬ ಹುಡುಗ ಸೋಮವಾರ ಎಲ್ಲರಿಗಿಂತ ಮೊದಲು ಬಂದು ನೀರಿದ್ದ ಮಟ್ಟಕ್ಕೆ ತೊಟ್ಟಿಯ ಒಳಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯಬೇಕು. ನಮ್ಮ ಮನೆಯ ಹಿತ್ತಿಲಿನಿಂದ ತೊಟ್ಟಿ ಕಾಣುತ್ತಿತ್ತು, ಹಾಗಾಗಿ ಭಾನುವಾರ ಪೂರ್ತಿ ಕಾವಲು ನನ್ನದು. ಅಮ್ಮ ಕೊಟ್ಟ ಹಲಸಂದೆ ಕಾಯಿ ಬಿಡಿಸುತ್ತಾ ಹಿತ್ತಿಲಿನ ಜಗಲಿ ಮೇಲೆ ಕೂತೆ. ರಾತ್ರಿ ಪಾಳಿ ಅಣ್ಣನದು. ಒಂದು ನಾಯಿ ಬಂದು ಹೋಯಿತು. ಕಾಗೆಗಳು ಬಂದವು. ಕೊಡ ಹಿಡಿದು ಒಬ್ಬರೂ ಬರಲಿಲ್ಲ. ಸೋಮವಾರ ‘ಯಾರೂ ಬರಲಿಲ್ಲ’ ಅಂತ ಹೇಳುವಾಗ ನನಗೆ ಬೇಜಾರಾಗಿತ್ತು, ಏನೂ ಸಿಗಲಿಲ್ಲವಲ್ಲ ಅಂತ. ಗೆರೆ ಹಾಕುತ್ತಿದ್ದ ಹುಡುಗ ಮಾತ್ರ ಕುಣಿದಾಡಿದ. ನೀರು ಹೋದ ವಾರ ನಿಂತ ಗೆರೆಗೇ ಬಂದು ನಿಂತಿತ್ತು! ಯಾರಾದರೂ ಮೊಗೆದು ಒಯ್ದರೆ ಒಂದು ವಾರ ಜಾಸ್ತಿ, ಒಂದು ವಾರ ಕಡಿಮೆ ಆಗಬೇಕು. ಯಾರೂ ಬರಲಿಲ್ಲ, ನೀರು ಪ್ರತಿ ಸಲ ಒಂದೇ ಕಡೆ ನಿಲ್ಲುತ್ತದೆ. ಹಾಗಾದರೆ ಆ ಗೆರೆಯ ಎತ್ತರದಲ್ಲೇ ಎಲ್ಲೋ ಬಿರುಕಿದೆ.

ಹೊರಗಿನ ಮೂರು ಬದಿಯಲ್ಲೂ ಹುಡುಕಿದೆವು, ಕಾಣಲಿಲ್ಲ. ನಾಲ್ಕನೇ ಬದಿಗೂ ಕಾಂಪೌಂಡ್ ಗೋಡೆಗೂ ನಡುವೆ ತೀರಾ ಕಿರಿದಾದ ಸಂದು ಇತ್ತು. ಆ ಸಂದಿನಲ್ಲಿ ತೂರಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ನಾಲ್ಕನೇ ಕ್ಲಾಸಿನ ಒಬ್ಬಳು, ನಮ್ಮ ತಂಡದವಳೊಬ್ಬಳ ತಂಗಿ, ತಾನೇ ಹೋಗುತ್ತೇನೆ ಅಂತ ಅಡ್ಡಡ್ಡ ನುಸುಳಿದಳು. ಒಳಗಿನಿಂದ ಕೂಗಿದಳು, ‘ಅಕ್ಕಾ, ಇಲ್ಲಿ ಒಂದೆಲಗ ಎಷ್ಟು ಬೆಳೆದಿದೆ ಗೊತ್ತಾ!’ ಸುಡು ಬೇಸಿಗೆಯಲ್ಲಿ ಶಾಲೆಯ ಹುಲ್ಲೆಲ್ಲ ಒಣಗಿರುವಾಗ ಅಲ್ಲಿ ಮಾತ್ರ ಒಂದೆಲಗ ಹಸಿರಾಗಿ ಹಬ್ಬಿತ್ತು. ಮೇಲೆ ಕೈಯಾಡಿಸಿದಾಗ ಒದ್ದೆ ಬಿರುಕು ಸಿಕ್ಕಿತು. ವಾರದ ದಿನಗಳಲ್ಲಿ ದಿನಾ ಬೆಳಿಗ್ಗೆ ತುಂಬಿಸುತ್ತಿದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ಗಾರೆ ಕೆಲಸದವರು ಬಂದು ಒಳಗಿನಿಂದ ಸಿಮೆಂಟ್ ಮೆತ್ತಿದರು. ಹಿಂದಿನ ಬೀದಿಯ ಮಕ್ಕಳು ಆ ದಿನ ನಮ್ಮ ಜೊತೆ ತೊಟ್ಟಿಯ ಕಟ್ಟೆ ಮೇಲೆ ಕೂತು ಬುತ್ತಿ ತಿಂದರು.

ಕೆಸ್ಟ್ನರ್ ಬಗ್ಗೆ ಜಾಸ್ತಿ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. 1933ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ನಾಜಿಗಳು ಪುಸ್ತಕಗಳ ರಾಶಿ ಹಾಕಿ ಸುಟ್ಟಾಗ ಇವರ ಪುಸ್ತಕಗಳೂ ಅದರಲ್ಲಿದ್ದವು. ಇವರು ಅಲ್ಲೇ ಜನರ ನಡುವೆ ನಿಂತು ನೋಡಿದರಂತೆ. ಅಷ್ಟಾದರೂ ದೇಶ ಬಿಟ್ಟು ಹೋಗಲಿಲ್ಲ. ಎಮಿಲ್‌ನ ಪುಟಗಳಲ್ಲಿ ಮಕ್ಕಳು ಓಡಿದ ಅದೇ ಊರಿನ ಬೀದಿಗಳಲ್ಲಿ ಇಂಥದ್ದು ನಡೆಯಿತು ಅಂದಾಗ ನನಗೆ ಆ ಕಥೆಯ ಮೇಲಿನ ಪ್ರೀತಿ ಇನ್ನೂ ಹೆಚ್ಚಾಯಿತು.

ಈಗ ಮಗಳಿಗೆ ಈ ಕಥೆ ಹೇಳಿದರೆ, ಮೊಬೈಲಿನಲ್ಲಿ ಲೊಕೇಶನ್ ಕಳಿಸಿದ್ದರೆ ಆಗುತ್ತಿತ್ತಲ್ಲ ಅಮ್ಮ ಅನ್ನುತ್ತಾಳೆ. ಆದರೂ ಪುಟ್ಟ ಮಂಗಳವಾರ ಊಟ ಮಾಡಿದನಾ, ಕೂತೂ ಕೂತೂ ನಿದ್ದೆ ಬರಲಿಲ್ಲವಾ ಅಂತ ಅವಳೇ ಕೇಳುತ್ತಾಳೆ.

ನಾನು ಓದಿದ ಶಾಲೆಯ ಲೈಬ್ರರಿಗೆ ಈಗ ಬೇರೆಯೇ ಕೋಣೆ ಆಗಿದೆ ಅಂತ ಕೇಳಿ ಖುಷಿಯಾಯಿತು. ಎಮಿಲ್ ಮತ್ತು ಪೀಟರ್ಸ್‌ವುಡ್ ಪುಸ್ತಕಗಳನ್ನು ಈ ತಿಂಗಳೇ ಪಾರ್ಸೆಲ್ ಮಾಡುತ್ತಿದ್ದೇನೆ. ಅಲ್ಲಿನ ಟೀಚರ್‌ಗಳಲ್ಲಿ ನನ್ನದೊಂದು ಕೋರಿಕೆ. ದಯವಿಟ್ಟು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಶುಕ್ರವಾರದ ಕೊನೆಯ ಪೀರಿಯಡ್ ಖಾಲಿ ಇದ್ದರೆ, ಆರನೇ ಕ್ಲಾಸಿನ ಮಕ್ಕಳಿಗೆ ಕನ್ನಡದಲ್ಲಿ ಹೇಳಿ.