ನ್ಯೂ ಫಾರೆಸ್ಟ್‌ಗೆ ಹೋಗುತ್ತೀರಾ? ಕಾರು ಬಿಟ್ಟು ರೈಲು ಹತ್ತಿ

ಲಂಡನ್‌ನಿಂದ ಒಂದು ದಿನದ ಮಟ್ಟಿಗೆ ಎಲ್ಲಿಗೆ ಹೋಗಲಿ ಅಂತ ಯಾರೇ ಕೇಳಿದರೂ ನಾನು ಹೇಳುವುದು ಹ್ಯಾಂಪ್‌ಶೈರ್‌ನ ನ್ಯೂ ಫಾರೆಸ್ಟ್. ವಾಟರ್‌ಲೂ ನಿಲ್ದಾಣದಿಂದ ಸುಮಾರು ಒಂದೂವರೆ ಗಂಟೆಯಲ್ಲಿ ಬ್ರಾಕನ್‌ಹರ್ಸ್ಟ್ ತಲುಪಬಹುದು. ಅಲ್ಲೇ ಬಾಡಿಗೆ ಸೈಕಲ್ ಸಿಗುತ್ತದೆ. ಕಾಡಿನೊಳಗೆ ಗುರುತು ಹಾಕಿದ ಜಲ್ಲಿ ದಾರಿಗಳಲ್ಲಿ ಮಾತ್ರ ಸೈಕಲ್ ಬಿಡುತ್ತಾರೆ, ನಕ್ಷೆ ಕೇಳಿ ತೆಗೆದುಕೊಳ್ಳಿ.

ಬರೀ ಮರಗಳನ್ನು ನಿರೀಕ್ಷಿಸಬೇಡಿ. ಓಕ್, ಬೀಚ್ ಮರಗಳ ನೆರಳು ಮುಗಿದ ಕೂಡಲೇ ಕುರುಚಲು ಹೀದರ್ ಗಿಡಗಳ ಬಯಲು ತೆರೆದುಕೊಳ್ಳುತ್ತದೆ. ನಾವು ಹೋಗಿದ್ದು ಆಗಸ್ಟ್ ಕೊನೆಯಲ್ಲಿ, ಬಯಲೆಲ್ಲ ನೇರಳೆ ಹೂವು. ನೀವೂ ಆಗಲೇ ಹೋಗಿ. 1079ರ ಸುಮಾರಿಗೆ ಇಂಗ್ಲೆಂಡಿನ ದೊರೆ ಮೊದಲನೇ ವಿಲಿಯಂ ಜಿಂಕೆ ಬೇಟೆಗೆಂದು ಮೀಸಲಿಟ್ಟ ಜಾಗ ಇದು. ರಾಷ್ಟ್ರೀಯ ಉದ್ಯಾನ ಆಗಿದ್ದು 2005ರಲ್ಲಿ.

ದಾರಿಯುದ್ದಕ್ಕೂ ಸಿಗುವ ಕುದುರೆಗಳು ಕಾಡುಕುದುರೆಗಳಲ್ಲ. ಎಲ್ಲಕ್ಕೂ ಮಾಲೀಕರಿದ್ದಾರೆ. ನಮ್ಮ ಗೋಮಾಳದ ಹಾಗೆ, ಇಲ್ಲಿ ಮೇಯಿಸುವ ಹಕ್ಕು ಕೆಲವು ಮನೆ, ಜಮೀನುಗಳಿಗೆ ಸೇರಿದ್ದು. ಮೇಯಿಸುವ ಶುಲ್ಕ ಕಟ್ಟಿದ ಗುರುತಿಗೆ ಕುದುರೆಯ ಬಾಲದ ಕೂದಲನ್ನು ಕತ್ತರಿಸುತ್ತಾರೆ. ಕಾಡಿನಲ್ಲಿ ಮೇಯುವ ಪ್ರಾಣಿಗಳನ್ನು ನೋಡಿಕೊಳ್ಳುವ ಯಾವ ಮೇಲ್ವಿಚಾರಕನ ವ್ಯಾಪ್ತಿಗೆ ಸೇರಿದ್ದು ಎಂಬುದು ಆ ಕತ್ತರಿಸಿದ ರೀತಿಯಲ್ಲೇ ಗೊತ್ತಾಗುತ್ತದೆ. ಶರತ್ಕಾಲದಲ್ಲಿ ಹೋದರೆ ಹಂದಿಗಳೂ ಕಾಣುತ್ತವೆ. ಹಸಿರು ಓಕ್ ಕಾಯಿ ಕುದುರೆಗಳಿಗೆ ವಿಷ, ಹಂದಿಗಳಿಗೆ ಒಳ್ಳೆ ಮೇವು. ಅದಕ್ಕೇ ಅವನ್ನು ಕಾಡಿಗೆ ಬಿಡುತ್ತಾರೆ. ಎಷ್ಟು ಚೆಂದದ ವ್ಯವಸ್ಥೆ ಅಲ್ವಾ?

ಮಕ್ಕಳಿದ್ದರೆ ಮೊದಲೇ ಹೇಳಿಡಿ: ಕುದುರೆ ಮುಟ್ಟುವಂತಿಲ್ಲ, ತಿನ್ನಲು ಏನೂ ಕೊಡುವಂತಿಲ್ಲ. ತಿನ್ನಿಸಿದರೆ ದಂಡ ಹಾಕುವ ನಿಯಮವೂ 2023ರಲ್ಲಿ ಬಂತು. ಕಾರಿನಲ್ಲೇ ಹೋಗಲೇಬೇಕಾದರೆ ಬೇಲಿಯಿಲ್ಲದ ರಸ್ತೆಗಳಲ್ಲಿ ಗಂಟೆಗೆ 40 ಮೈಲಿಯ ಮಿತಿ ಇದೆ, ಕತ್ತಲಾದ ಮೇಲೆ ಇನ್ನೂ ನಿಧಾನ ಹೋಗಿ. ಪ್ರಾಣಿಗಳು ರಸ್ತೆ ಮಧ್ಯೆಯೇ ನಿಂತಿರುತ್ತವೆ.

ಬೋಲ್ಡರ್‌ವುಡ್‌ನಲ್ಲಿ ಜಿಂಕೆ ನೋಡಬಹುದು, ಹತ್ತಿರದಲ್ಲೇ ನೈಟ್‌ವುಡ್ ಓಕ್ ಎಂಬ ಹಳೇ ಮರವಿದೆ. ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು ಬ್ರಾಕನ್‌ಹರ್ಸ್ಟ್‌ನ ಸೇಂಟ್ ನಿಕೋಲಸ್ ಚರ್ಚು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಈ ಊರಿನಲ್ಲಿ ಆಸ್ಪತ್ರೆಯಿತ್ತು. ಅವರಲ್ಲಿ ಕೆಲವರ ಸಮಾಧಿ ನ್ಯೂಜಿಲೆಂಡ್ ಸೈನಿಕರ ಸಾಲಿನ ಜೊತೆಗೆ ಈ ಚರ್ಚಿನ ಆವರಣದಲ್ಲಿದೆ. ಊರಿನ ಒಂದು ಬೀದಿಗೆ ಮೀರತ್ ರೋಡ್ ಅಂತಲೇ ಹೆಸರು. ದಯವಿಟ್ಟು ಅಲ್ಲಿಗೆ ಹೋಗಿ ಬನ್ನಿ.

ಮಾರ್ಚ್‌ನಿಂದ ಜುಲೈವರೆಗೆ ಕೆಲವು ಹಕ್ಕಿಗಳು ನೆಲದ ಮೇಲೇ ಗೂಡು ಕಟ್ಟುತ್ತವೆ, ಆಗ ದಾರಿ ಬಿಟ್ಟು ಇಳಿಯಬೇಡಿ. ಮಳೆ ಬಂದರೆ ಬಯಲಿನ ತಗ್ಗುಗಳು ಕೆಸರಾಗುತ್ತವೆ, ಗಟ್ಟಿ ಬೂಟು ಬೇಕು. ಬೇಸಿಗೆಯಲ್ಲೂ ಉದ್ದ ಪ್ಯಾಂಟ್ ಹಾಕಿ, ವಾಪಸ್ ಬಂದ ಮೇಲೆ ಕಾಲು, ಮಂಡಿಯ ಹಿಂಭಾಗದಲ್ಲೆಲ್ಲ ರಕ್ತ ಹೀರುವ ಉಣ್ಣೆ ಹುಳ ಹತ್ತಿದೆಯೇ ನೋಡಿಕೊಳ್ಳಿ.